ಪಿತ್ತಕೋಶದ ಕಲ್ಲು ಸ್ಕ್ಯಾನಿಂಗಿನಲ್ಲಿ ಕಾಣ್ತಿಲ್ಲ, ಈಗ ಕರುಳು ಕಟ್ಟಿದೆ: ವೈದ್ಯರ ಉತ್ತರ

ಪ್ರಶ್ನೆ (ಸಿಂಧನೂರು): ಡಾಕ್ಟರ್ ಸರ್, ನಮ್ಮ ಅವ್ವಗ 72 ವರ್ಷ, ಶುಗರ್ ಐತಿ. ಎರಡು ವರ್ಷದ ಹಿಂದ ಪಿತ್ತಕೋಶದಾಗ 3 ಸೆಂ.ಮೀ. ಕಲ್ಲು ಅಂತ ರಿಪೋರ್ಟ್ ಬಂದಿತ್ತು. ಆಪರೇಷನ್ ಬ್ಯಾಡಂದು ನಾಟಿ ಔಷಧ ತಗೊಂಡ್ರು. ನಾಲ್ಕು ದಿನದಿಂದ ಹೊಟ್ಟಿ ತಿರುಚಿದಂಗ ನೋವು, ನಡುವೆ ಒಂದಿನ ಕಮ್ಮಿ ಆಗಿತ್ತು. ಈಗ ಕೆಟ್ಟ ವಾಸನಿ ವಾಂತಿ, ಹೊಟ್ಟಿ ಉಬ್ಬೈತಿ, ಸಂಡಾಸ ಇಲ್ಲ, ಗ್ಯಾಸೂ ಹೋಗಿಲ್ಲ. ನಿನ್ನೆ ಸ್ಕ್ಯಾನಿಂಗ್ ಮಾಡಿ ಪಿತ್ತಕೋಶ ಕುಗ್ಗೇತಿ, ಕಲ್ಲು ಕಾಣವಲ್ದು ಅಂದ್ರು. ಕರಗಿತು ಅಂತ ತಿಳ್ಕೊಳ್ಳೋದೇನ್ರಿ? ಔಡಲ ಎಣ್ಣಿ ಕುಡಿಸಲಾ?

ಉತ್ತರ (ಜನರಲ್ ಸರ್ಜನ್, ಬಳ್ಳಾರಿ): ಔಡಲ ಎಣ್ಣೆ ಬೇಡ, ಎನಿಮಾ ಬೇಡ, ಬಾಯಿಗೆ ನೀರೂ ಬೇಡ. ಈಗಲೇ ಹೊರಡಿ. 3 ಸೆಂ.ಮೀ. ಕಲ್ಲು ಯಾವ ಔಷಧಕ್ಕೂ ಕರಗುವುದಿಲ್ಲ. ಅದು ಪಿತ್ತಕೋಶದಲ್ಲಿ ಇಲ್ಲವೆಂದರೆ ಕರುಳಿಗೆ ಇಳಿದಿರಬಹುದು ಎಂದೇ ಮೊದಲು ಅನುಮಾನಿಸಬೇಕು.

ಇಷ್ಟು ದಪ್ಪ ಕಲ್ಲು ಪಿತ್ತನಾಳದಲ್ಲಿ ತೂರಿ ಬರಲಾರದು. ನಾಳದ ಅಗಲವೇ ಸುಮಾರು 6 ಮಿ.ಮೀ. ಪಿತ್ತಕೋಶ ಮೇಲಿಂದ ಮೇಲೆ ಬಾತು, ಪಕ್ಕದ ಡ್ಯುಯೊಡಿನಮ್‌ಗೆ (ಸಣ್ಣ ಕರುಳಿನ ಮೊದಲ ಭಾಗ) ಅಂಟಿಕೊಳ್ಳುತ್ತದೆ. ಕಲ್ಲು ಒತ್ತಿ ಒತ್ತಿ ಎರಡೂ ಗೋಡೆ ಸವೆದು ತೂತಾಗುತ್ತದೆ. ಇದೇ ಫಿಸ್ಟುಲಾ. ಕಲ್ಲು ಅಲ್ಲಿಂದ ಕರುಳಿಗೆ ಬೀಳುತ್ತದೆ. ಸಣ್ಣದಾದರೆ ಸಾಮಾನ್ಯವಾಗಿ ಮಲದಲ್ಲಿ ಹೋಗಿಬಿಡುತ್ತದೆ. 2.5 ಸೆಂ.ಮೀ. ದಾಟಿದ್ದು ಹೆಚ್ಚಾಗಿ ಸಣ್ಣ ಕರುಳಿನ ಕೊನೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಏಕೆಂದರೆ ಅಲ್ಲಿ ದಾರಿ ಎಲ್ಲಕ್ಕಿಂತ ಕಿರಿದು. ನಡುವೆ ಒಂದು ದಿನ ನೋವು ತಗ್ಗಿತ್ತು ಅಂದಿರಲ್ಲ, ಅದು ಗುಣವಾದ ಲಕ್ಷಣವಲ್ಲ. ಒಂದು ಕಡೆ ಸಿಕ್ಕ ಕಲ್ಲು ಸಡಿಲಗೊಂಡು ಮುಂದೆ ಉರುಳಿ ಮತ್ತೆ ಸಿಕ್ಕಿಕೊಂಡಾಗ ಹೀಗಾಗುತ್ತದೆ. ಇದನ್ನೇ ಗ್ಯಾಸ್ಟ್ರಿಕ್ ಎಂದುಕೊಂಡು ಮನೆಯಲ್ಲಿ ಕೂತವರು ತಡವಾಗಿ ಬರುತ್ತಾರೆ.

ಸರ್ಜನ್, ಸಿಟಿ ಸ್ಕ್ಯಾನ್, ಐಸಿಯು ಮೂರೂ ಒಂದೇ ಕಡೆ ಇರುವಲ್ಲಿಗೆ ಹೋಗಿ: ರಾಯಚೂರಿನ ರಿಮ್ಸ್ ಆಗಲಿ, ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್) ಆಗಲಿ. 108ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಎಡಮಗ್ಗುಲಿಗೆ ಮಲಗಿಸಿ, ವಾಂತಿ ಶ್ವಾಸಕೋಶಕ್ಕೆ ಇಳಿಯಬಾರದು. ಊಟವಿಲ್ಲದಾಗ ಶುಗರ್ ಮಾತ್ರೆ ಕೊಡಬೇಡಿ. ಇನ್ಸುಲಿನ್ ತಗೊಳ್ಳುತ್ತಿದ್ದರೆ ರಕ್ತದ ಶುಗರ್ ನೋಡಿ ಅಲ್ಲಿನ ಡಾಕ್ಟರೇ ಹೇಳಲಿ. ಹಳೆಯ ಸ್ಕ್ಯಾನಿಂಗ್ ರಿಪೋರ್ಟು, ಮಾತ್ರೆ ಚೀಟಿ, ರೇಷನ್ ಕಾರ್ಡ್, ಆಧಾರ್ ಕೈಯಲ್ಲಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯ ಇದೆ.

ಅಲ್ಲಿ ಮೂಗಿನಿಂದ ರೈಲ್ಸ್ ಟ್ಯೂಬ್ (ಹೊಟ್ಟೆ ಖಾಲಿ ಮಾಡುವ ನಳಿಕೆ), ಸಲೈನ್, ಮೂತ್ರಕ್ಕೆ ಕ್ಯಾಥೆಟರ್ ಹಾಕಿ, ರಕ್ತದಲ್ಲಿ ಪೊಟ್ಯಾಸಿಯಂ, ಕಿಡ್ನಿ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡುತ್ತಾರೆ. ನಾಲ್ಕು ದಿನದ ವಾಂತಿ, ಮೇಲೆ ನಮ್ಮ ಕಡೆಯ ಬಿಸಿಲು. ದೇಹ ಒಣಗಿರುತ್ತದೆ. 60 ಕೆ.ಜಿ. ತೂಕದವರಿಗೆ ಗಂಟೆಗೆ 30 ಮಿ.ಲೀ.ಯಾದರೂ ಮೂತ್ರ ಬರುವಂತೆ ಮಾಡಿಕೊಂಡೇ ಆಪರೇಷನ್ ಥಿಯೇಟರಿಗೆ ಒಯ್ಯುವುದು ಕ್ಷೇಮ.

ರೇಡಿಯಾಲಜಿಸ್ಟ್, ರಾಯಚೂರು: ಆ ಹಳೆ ರಿಪೋರ್ಟ್ ಮರೆಯಬೇಡ್ರಿ. ನಾವು ಹುಡುಕುವುದು ಮೂರು: ಉಬ್ಬಿದ ಸಣ್ಣ ಕರುಳು, ಆ ತೂತಿನಿಂದ ಪಿತ್ತನಾಳದೊಳಗೆ ಸೇರಿದ ಗಾಳಿ, ಇರಬಾರದ ಜಾಗದಲ್ಲಿ ಕಲ್ಲು. 1941ರಲ್ಲಿ ಇದನ್ನು ವಿವರಿಸಿದ ರೇಡಿಯಾಲಜಿಸ್ಟ್ ಹೆಸರಿನಿಂದ ಇದಕ್ಕೆ ರಿಗ್ಲರ್ ತ್ರಯ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಮೂರೂ ಒಟ್ಟಿಗೆ ಸಿಗುವುದು ಕಡಿಮೆ, ಏಕೆಂದರೆ ಬಹುತೇಕ ಪಿತ್ತದ ಕಲ್ಲುಗಳಲ್ಲಿ ಕಾಣುವಷ್ಟು ಕ್ಯಾಲ್ಸಿಯಂ ಇರುವುದಿಲ್ಲ. ಅಲ್ಟ್ರಾಸೌಂಡಿಗೆ ಕರುಳಿನ ಗ್ಯಾಸ್ ಅಡ್ಡ ಬರುತ್ತದೆ. ಹಾಗಾಗಿ ಸಿಟಿ ಬೇಕು. ಸಿಟಿಯಲ್ಲೂ ಕೊಲೆಸ್ಟರಾಲ್ ಕಲ್ಲು ಸುತ್ತಲಿನ ದ್ರವದ ಬಣ್ಣಕ್ಕೇ ಕಂಡು ಕಣ್ತಪ್ಪಬಹುದು. ‘3 ಸೆಂ.ಮೀ. ಕಲ್ಲು ಇತ್ತು’ ಎಂದು ಗೊತ್ತಿದ್ದರೆ ಹುಡುಕುವ ರೀತಿಯೇ ಬೇರೆ. ಹಿಂದೆ ಇಆರ್‌ಸಿಪಿ (ಬಾಯಿಯಿಂದ ದುರ್ಬೀನು ಇಳಿಸಿ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ) ಅಥವಾ ನಾಳಕ್ಕೆ ಸ್ಟೆಂಟ್ ಎಂಬ ಕೊಳವೆ ಹಾಕಿದ್ದಾಗಿದ್ದರೆ ಹೇಳಿ, ಆಗಲೂ ನಾಳದಲ್ಲಿ ಗಾಳಿ ಕಾಣುತ್ತದೆ.

ಪ್ರಶ್ನೆ (ಗಂಗಾವತಿ): ನನಗ 8 ಮಿ.ಮೀ. ಕಲ್ಲು ಐತ್ರಿ, ನೋವಿಲ್ಲ. ನನಗೂ ಹಿಂಗ ಆಗ್ತೈತೇನು?

ಸರ್ಜನ್: ಈ ಕಾರಣಕ್ಕೆ ಹೆದರಬೇಡಿ. ಕಲ್ಲು ಇರುವವರಲ್ಲಿ ನೂರಕ್ಕೆ ಒಬ್ಬರಿಗೂ ಹೀಗಾಗುವುದಿಲ್ಲ. ಊಟದ ನಂತರ ಬಲಪಕ್ಕೆ ಕೆಳಗೆ ನೋವು, ಜ್ವರ, ಕಾಮಾಲೆ ಬಂದರೆ ತಡಮಾಡದೆ ತೋರಿಸಿ. ಕಲ್ಲು 3 ಸೆಂ.ಮೀ.ಗೆ ಬಂದಿದ್ದರೆ ಮಾತ್ರ, ನೋವಿಲ್ಲದಿದ್ದರೂ, ಆರೋಗ್ಯ ಗಟ್ಟಿ ಇರುವಾಗಲೇ ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರದ ಆಪರೇಷನ್) ಪಿತ್ತಕೋಶ ತೆಗೆಸುವುದು ಒಳ್ಳೆಯದು.

ಸಿಂಧನೂರಿನವರು, ಮರುದಿನ: ಸಿಟಿಯೊಳಗ ಸಣ್ಣ ಕರುಳಿನ ಕೊನಿಗೆ ಕಲ್ಲು ಸಿಕ್ಕೈತ್ರಿ. ಬರೀ ಕಲ್ಲು ತೆಗೀತೀವಿ, ಪಿತ್ತಕೋಶ ಮುಟ್ಟಂಗಿಲ್ಲ ಅಂತಾರ. ಅರ್ಧ ಕೆಲಸ ಆಗಂಗಿಲ್ಲೇನ್ರಿ?

ಸರ್ಜನ್: ಅವರು ಹೇಳಿದ್ದು ಸರಿ ಇದೆ, ಒಪ್ಪಿಕೊಳ್ಳಿ. ಕಲ್ಲು ಕೂತ ಜಾಗದ ಗೋಡೆ ಒತ್ತಡಕ್ಕೆ ಹುಣ್ಣಾಗಿರುತ್ತದೆ. ಅಲ್ಲೇ ಕೊಯ್ದರೆ ಹೊಲಿಗೆ ಸೋರಬಹುದು. ಅದಕ್ಕೆ ಕಲ್ಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಒಳ್ಳೆಯ ಕರುಳಿನ ಮೇಲೆ ಉದ್ದಕ್ಕೆ ಕೊಯ್ದು ತೆಗೆಯುತ್ತಾರೆ. ಹೊಲಿಯುವುದು ಮಾತ್ರ ಅಡ್ಡಕ್ಕೆ, ಉದ್ದಕ್ಕೇ ಹೊಲಿದರೆ ಆ ಜಾಗ ಕಿರಿದಾಗುತ್ತದೆ. ಆಮೇಲೆ ಇಡೀ ಕರುಳನ್ನು ಕೈಯಲ್ಲಿ ಹಿಡಿದು ತಡವಿ ನೋಡಬೇಕು. ತೆಗೆದ ಕಲ್ಲಿಗೆ ಉಜ್ಜಿದಂಥ ಚಪ್ಪಟೆ ಮುಖ ಇದ್ದರೆ ಜೊತೆಗೆ ಇನ್ನೊಂದು ಇದ್ದಿರಬಹುದು. ಕರುಳು ಕಪ್ಪಾಗಿದ್ದರೆ ಅಷ್ಟು ಭಾಗ ಕತ್ತರಿಸಿ ಜೋಡಿಸಬೇಕಾಗುತ್ತದೆ.

ಪಿತ್ತಕೋಶ ಈಗ ಡ್ಯುಯೊಡಿನಮ್‌ಗೆ ಗಟ್ಟಿಯಾಗಿ ಅಂಟಿದೆ. ಬಿಡಿಸಿ ತೂತು ಮುಚ್ಚಲು ಹೋದರೆ ಅರಿವಳಿಕೆಯ ಹೊತ್ತು ಬೆಳೆಯುತ್ತದೆ, ಡ್ಯುಯೊಡಿನಮ್ ಸೋರಿದರೆ ಜೀವಕ್ಕೇ ಅಪಾಯ. ವಯಸ್ಸು ಕಡಿಮೆ, ದೇಹ ಗಟ್ಟಿ ಇದ್ದವರಿಗೆ ಎರಡನ್ನೂ ಒಮ್ಮೆಗೇ ಮಾಡುವುದುಂಟು. ನಿಮ್ಮ ಅವ್ವನವರ ಸ್ಥಿತಿಗೆ ಅದು ಬೇಡ. ಒಳಗೆ ಬೇರೆ ಕಲ್ಲು ಉಳಿದಿಲ್ಲವಾದರೆ ಆ ತೂತು ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದೆ. ಮತ್ತೆ ಕಲ್ಲು ಸಿಕ್ಕುವುದು ನೂರರಲ್ಲಿ ಐದು ಜನಕ್ಕೆ, ಹೆಚ್ಚಾಗಿ ಮೊದಲ ಆರು ತಿಂಗಳೊಳಗೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಪಿತ್ತಕೋಶ ತೆಗೆದಿಲ್ಲ, ಫಿಸ್ಟುಲಾ ಇದೆ’ ಎಂದು ಬರೆಸಿಕೊಳ್ಳಿ. ಇಲ್ಲದಿದ್ದರೆ ಮುಂದೆ ನೋಡುವ ಡಾಕ್ಟರಿಗೆ ಹೊಟ್ಟೆಯ ಮೇಲಿನ ಗಾಯದ ಗುರುತು ನೋಡಿ ಪಿತ್ತಕೋಶ ತೆಗೆದಾಗಿದೆ ಅನ್ನಿಸಬಹುದು.