ಮೂವರು ಕೇಬಲ್‌ನವರು ಸೇರಿ ಒಂದೇ ಫೈಬರ್ ಎಳೆದರೆ ನಡೆಯುತ್ತಾ? ಮಳವಳ್ಳಿ, ಕಿರುಗಾವಲು, ಬನ್ನೂರು ಕಡೆಯವರು ದಯವಿಟ್ಟು ಹೇಳಿ

ಕಿರುಗಾವಲು ಕೇಬಲ್

ನಮಸ್ಕಾರ. ನಾನು ಮಳವಳ್ಳಿ ತಾಲ್ಲೂಕು ಕಿರುಗಾವಲು ಕಡೆ ಕೇಬಲ್ ಟಿವಿ ನಡೆಸುವವನು, 19 ವರ್ಷ ಆಯಿತು. ಒಂದು ಕಾಲಕ್ಕೆ ಐದು ಊರು ಸೇರಿ 600 ಮನೆ ಇತ್ತು. ಈಗ 240. ಕಲೆಕ್ಷನ್‌ಗೆ ಹೋದರೆ ಎಲ್ಲರೂ ಕೇಳುವುದು ಒಂದೇ, "ಅಣ್ಣ, ಟಿವಿ ಇರಲಿ, ನೆಟ್ ಯಾವಾಗ ಕೊಡ್ತೀಯಾ?"

ಕೊಡುವ ಆಸೆ ನನಗೂ ಇದೆ. ಹೋದ ತಿಂಗಳು ನಮ್ಮ ಪಕ್ಕದ ಬೀದಿಯ ಹುಡುಗಿ, ಡಿಗ್ರಿ ಮುಗಿಸಿದವಳು, ಕೆಲಸದ ಇಂಟರ್‌ವ್ಯೂಗೆ ಮಧ್ಯಾಹ್ನದ ಬಿಸಿಲಲ್ಲಿ ನಾಲೆ ಏರಿ ಮೇಲೆ ಕೂತಿದ್ದಳು. ಅಲ್ಲಿ ಮಾತ್ರ ಟವರ್ ಸಿಗುತ್ತದೆ. ಅವಳ ತಾಯಿ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಅದನ್ನು ನೋಡಿದ ಮೇಲೆ ಸುಮ್ನೆ ಕೂರಲು ಆಗುತ್ತಿಲ್ಲ.

ವಿಷಯ ಇಷ್ಟು. ಮಳವಳ್ಳಿ ಕಡೆಯ ಆಪರೇಟರ್ ಒಬ್ಬರು ಮಂಡ್ಯದಿಂದ ಬರುವ ಒಂದು ಐಎಸ್‌ಪಿಗೆ (ಇಂಟರ್‌ನೆಟ್ ಕೊಡುವ ಕಂಪನಿಗೆ) ಫ್ರಾಂಚೈಸಿ. ಬನ್ನೂರು ಕಡೆಯವರು ಮೈಸೂರಿನ ಬೇರೆ ಐಎಸ್‌ಪಿಗೆ ಫ್ರಾಂಚೈಸಿ. ಇಬ್ಬರ ಲೈನೂ ಅವರವರ ಊರಲ್ಲೇ ನಿಂತಿದೆ. ನಡುವಿನ ಸುಮಾರು 17 ಕಿ.ಮೀ. ನನ್ನ ಏರಿಯಾ, ಅಲ್ಲಿ ಯಾರ ಫೈಬರೂ ಇಲ್ಲ. ದೊಡ್ಡ ಕಂಪನಿಯೊಂದರವರು ಎರಡು ಸಲ ಬಂದು ಸರ್ವೆ ಮಾಡಿದರು, ಮನೆ ದೂರ ದೂರ ಇದೆ ಅಂತ ಹೊರಟುಹೋದರು. ನಾನೊಬ್ಬನೇ ಎಳೆಯುವಷ್ಟು ದುಡ್ಡಿಲ್ಲ. ಅವರಿಬ್ಬರಿಗೂ ಒಬ್ಬೊಬ್ಬರೇ ಮಾಡಲು ಧೈರ್ಯ ಇಲ್ಲ. ಮೂವರೂ ಸೇರಿ ಒಂದೇ ಕೇಬಲ್ ಎಳೆಯೋಣ ಅಂತ ಮಾತಾಗಿದೆ, ಆದರೆ ಮಾತು ಅಲ್ಲೇ ನಿಂತಿದೆ. ಕೇಬಲ್ ಯಾರದ್ದು? ಖರ್ಚು ಹೇಗೆ ಹಂಚುವುದು? ನಾಳೆ ಒಬ್ಬ ತನ್ನ ಪಾಲು ಮಾರಿದರೆ? ರಾತ್ರಿ ಹನ್ನೊಂದಕ್ಕೆ ಲೈನ್ ತುಂಡಾದರೆ ಯಾರು ಹೋಗಬೇಕು? ಮಾಡಿ ಅನುಭವ ಇರುವವರು ಹೇಳಿ.

ಸ್ಪ್ಲೈಸಿಂಗ್ ಮದ್ದೂರು

ಅಣ್ಣ, ದುಡ್ಡಿನ ಲೆಕ್ಕ ಬೇರೆಯವರು ಹೇಳಲಿ, ನಾನು ಬೆಳಕಿನ ಲೆಕ್ಕ ಹೇಳುತ್ತೇನೆ. ಒಂಬತ್ತು ವರ್ಷದಿಂದ ಮದ್ದೂರು, ಮಳವಳ್ಳಿ ಕಡೆ ಜಾಯಿಂಟ್ ಹಾಕುವ ಕೆಲಸ ನನ್ನದು.

ತುಂಬಾ ಜನ ಮಾಡುವ ತಪ್ಪು ಏನೆಂದರೆ ಓಎಲ್‌ಟಿಯನ್ನು, ಅಂದರೆ ಎಲ್ಲ ಮನೆಗೂ ಫೈಬರ್‌ನಲ್ಲಿ ಬೆಳಕು ಕಳಿಸುವ ಪೆಟ್ಟಿಗೆಯನ್ನು, ಪೇಟೆಯಲ್ಲೇ ಇಟ್ಟು ಅಲ್ಲಿಂದ ಕೊನೆ ಊರಿನವರೆಗೆ ಎಳೆಯುವುದು. ಜಿಪಾನ್, ಅಂದರೆ ಈ ಥರದ ಫೈಬರ್ ಲೈನು, 20 ಕಿ.ಮೀ. ಹೋಗುತ್ತದೆ ಅಂತ ಡಬ್ಬಿ ಮೇಲೆ ಬರೆದಿರುತ್ತದೆ, ನಿಜ, ಆದರೆ ನಡುವೆ ಒಂದು ಎಳೆಯ ಬೆಳಕನ್ನು ಹಲವು ಮನೆಗೆ ಹಂಚುವ ಸ್ಪ್ಲಿಟರ್ ಇರುತ್ತದಲ್ವಾ. ಮನೆಯಿಂದ ವಾಪಸ್ ಬರುವ 1310 ನ್ಯಾನೋಮೀಟರ್ ಬೆಳಕಿಗೆ ಕಿ.ಮೀ.ಗೆ ಸುಮಾರು 0.35 ಡಿಬಿ (ಬೆಳಕು ಎಷ್ಟು ಕುಗ್ಗಿತು ಅನ್ನುವ ಅಳತೆ) ಕಳೆಯುತ್ತದೆ. 17 ಕಿ.ಮೀ.ಗೆ 6 ಡಿಬಿ. ಎಂಟು ಮನೆಯ ಸ್ಪ್ಲಿಟರ್ ಒಂದಕ್ಕೆ ಹತ್ತೂವರೆ, ಅಂಥದ್ದು ಒಂದರ ಹಿಂದೆ ಒಂದು ಎರಡು ಹಾಕಿದರೆ 21. ಅಲ್ಲಿಗೇ 27 ಆಯಿತು. ಜಾಯಿಂಟು, ಕನೆಕ್ಟರು ಸೇರಿಸಿದರೆ 29. ಓಎಲ್‌ಟಿಗೆ ಸಿಕ್ಕಿಸುವ ಮಾಮೂಲಿ ಬಿ ಪ್ಲಸ್ ಮಾಡ್ಯೂಲ್ ತಡೆಯುವುದು 28. ಅಂದರೆ ಕೊನೆ ಊರಿನ ಮನೆಯಲ್ಲಿ ಇವತ್ತು ಕೆಂಪು ಲೈಟು, ನಾಳೆ ಹಸಿರು ಲೈಟು, ದಿನಾ ಫೋನು.

ಅದಕ್ಕೆ ಓಎಲ್‌ಟಿ ನಿಮ್ಮ ಊರಲ್ಲಿ, ನಡುವೆ ಇರಲಿ. ಎರಡೂ ಕಡೆಗೆ ಒಂಬತ್ತು ಕಿ.ಮೀ. ಒಳಗೇ ಬರುತ್ತದೆ, 26ರ ಆಸುಪಾಸಲ್ಲಿ ಮುಗಿಯುತ್ತದೆ. ಓಎಲ್‌ಟಿಯ ಒಂದು ಪೋರ್ಟಿಗೆ 64 ಮನೆ ನೆಮ್ಮದಿಯಾಗಿ ನಿಲ್ಲುತ್ತವೆ. ಒಂದು ಪೋರ್ಟಲ್ಲಿ ಕೆಳಗೆ ಬರುವುದು ಎರಡೂವರೆ ಜಿಬಿ, ಹಳ್ಳಿಗೆ ಅದು ಈಗ ಜಾಸ್ತಿಯೇ. ಆದರೆ ಕರೆಂಟ್ ನೋಡಿಕೊಳ್ಳಿ. ಪೇಟೆಯ ಹಾಗಲ್ಲ, ಒಳ್ಳೆ ಬ್ಯಾಟರಿ ಬೇಕು, ಗಾಳಿ ಆಡುವ ಕೋಣೆ ಬೇಕು. ಡೇರಿ ಕಟ್ಟಡದಲ್ಲಿ ಒಂದು ಮೂಲೆ ಕೇಳಿ ನೋಡಿ.

ಇನ್ನೊಂದು ವಿಷಯ. ದುಡ್ಡು ಉಳಿಸಲು 12 ಕೋರ್, ಅಂದರೆ 12 ಎಳೆಯ ಕೇಬಲ್ ತರಬೇಡಿ, 24ರದ್ದು ತನ್ನಿ. ಖರ್ಚು ಇರುವುದು ಕಂಬ, ಕೂಲಿ, ಪರ್ಮಿಷನ್‌ನಲ್ಲಿ, ಗಾಜಿನ ಎಳೆಯಲ್ಲಿ ಅಲ್ಲ. ಮೊದಲ ನಾಲ್ಕು, ಅಂದರೆ ನೀಲಿ, ಕಿತ್ತಳೆ, ಹಸಿರು, ಕಂದು ಒಬ್ಬರಿಗೆ, ಮುಂದಿನ ನಾಲ್ಕು ಇನ್ನೊಬ್ಬರಿಗೆ, ಹೀಗೆ ಬಣ್ಣದಲ್ಲೇ ಹಂಚಿ. ಉಳಿದ 12 ಖಾಲಿ ಇರಲಿ. ಯಾರ ಎಳೆ ಯಾವುದು ಅಂತ ಪ್ರತಿ ಜಾಯಿಂಟ್ ಬಾಕ್ಸ್ ಒಳಗೆ ಚೀಟಿ ಅಂಟಿಸಿ. ಆಗ ರಾತ್ರಿ ಹೊತ್ತು ಟಾರ್ಚ್ ಹಿಡಿದು ಮಾಡುವ ನನ್ನಂಥವರು ಬೇರೆಯವರ ಎಳೆ ಕತ್ತರಿಸುವುದಿಲ್ಲ.

ಪಾಂಡವಪುರ ಹಳೇ ಆಪರೇಟರ್

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸೆಟ್‌ಟಾಪ್ ಬಾಕ್ಸ್ ಬಂದ ಕಾಲದಲ್ಲಿ ನಾವು ಐದು ಜನ ಸೇರಿ ಒಂದು ಕಂಟ್ರೋಲ್ ರೂಂ ಮಾಡಿದ್ದೆವು. ಎಲ್ಲರೂ ಒಂದೇ ಊಟದ ತಟ್ಟೆಯಲ್ಲಿ ಉಂಡವರು. ಎರಡು ವರ್ಷಕ್ಕೆ ಮುರಿದುಬಿತ್ತು.

ಮುರಿದದ್ದು ದೊಡ್ಡ ಮೊತ್ತಕ್ಕಲ್ಲ. ಒಬ್ಬರು ಗಡಿ ಊರಲ್ಲಿ 50 ರೂಪಾಯಿ ಕಡಿಮೆ ಮಾಡಿ ಇನ್ನೊಬ್ಬರ ಹನ್ನೆರಡು ಮನೆ ಎತ್ತಿಕೊಂಡರು. ಮನೆ ಕಳೆದುಕೊಂಡವರು ಸಿಟ್ಟಿಗೆ ಬಾಡಿಗೆ ಪಾಲು ಕೊಡುವುದು ನಿಲ್ಲಿಸಿದರು. ಉಳಿದ ಮೂವರು ಯಾಕೆ ಕೊಡಬೇಕು ಅಂತ ಅವರೂ ನಿಲ್ಲಿಸಿದರು. ಕರೆಂಟ್ ಬಿಲ್ ಕಟ್ಟದೆ ಒಂದು ದಿನ ಫ್ಯೂಸ್ ಕಿತ್ತರು, ಐದೂ ಜನರ ಎಲ್ಲಾ ಊರಲ್ಲೂ ಟಿವಿ ಬಂದ್. ಒಂದು ಹಾಳೆಯಲ್ಲೂ ನಾವು ಏನೂ ಬರೆದಿರಲಿಲ್ಲ. ನಂಬಿಕೆ ಇತ್ತು, ಅದು ಸಾಕು ಅಂದುಕೊಂಡಿದ್ದೆವು. ಅವರಲ್ಲಿ ಇಬ್ಬರ ಜೊತೆ ನನಗೆ ಇವತ್ತಿಗೂ ಮಾತಿಲ್ಲ, ಅದು ನನಗೆ ನೋವು.

ಸೇರಬೇಡಿ ಅಂತ ಹೇಳುತ್ತಿಲ್ಲ. ಮನೆ ಕಸಿಯುವ ಪ್ರಶ್ನೆಯನ್ನು ಮೊದಲ ದಿನವೇ ಮಾತಾಡಿ. ಎಲ್ಲರಿಗೂ ಮುಜುಗರ ಆಗುತ್ತದೆ, ಆದರೂ ಮಾತಾಡಿ.

ಮೈಸೂರು ನೆಟ್‌ವರ್ಕ್ ಅಕ್ಕ

ನಾನು ಮೈಸೂರಲ್ಲಿ ಸಣ್ಣ ಐಎಸ್‌ಪಿ ಒಂದರಲ್ಲಿ ಹನ್ನೊಂದು ವರ್ಷ ನೆಟ್‌ವರ್ಕ್ ಕೆಲಸ, ಒಪ್ಪಂದದ ಕೆಲಸ ಎರಡೂ ನೋಡಿದ್ದೇನೆ. ಪಾಂಡವಪುರ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಅವರದ್ದು ಯಾಕೆ ಮುರಿಯಿತು, ಇನ್ನೊಂದು ಕಡೆ ಯಾಕೆ ನಿಂತಿತು ಅಂತ ನೋಡಿ.

ಕೇರಳದಲ್ಲಿ ಸಣ್ಣ ಸಣ್ಣ ಕೇಬಲ್ ಆಪರೇಟರ್‌ಗಳೇ ಸೇರಿ ಕಟ್ಟಿದ್ದು ಕೇರಳ ವಿಷನ್. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಕೊಡುವ ದೇಶದ ಮೊದಲ 5 ತಂತಿ ಬ್ರಾಡ್‌ಬ್ಯಾಂಡ್ ಕಂಪನಿಗಳ ಪಟ್ಟಿಯಲ್ಲಿ ಆ ಹೆಸರು ಬಂದಿದೆ. ಒಂದೇ ರಾಜ್ಯದಲ್ಲಿ ಇದ್ದುಕೊಂಡು! ಸ್ಪೇನ್‌ನ ಕ್ಯಾಟಲೋನಿಯಾದಲ್ಲಿ 2004ರಲ್ಲಿ ಶುರುವಾದ ಗೀಫಿ ಅನ್ನುವ ನೆಟ್‌ವರ್ಕ್ ಇದೆ, ಅಲ್ಲಿ ಹಲವು ಆಪರೇಟರ್‌ಗಳು ಒಂದೇ ಫೈಬರ್ ಬಳಸುತ್ತಾರೆ, ಯಾರು ಎಷ್ಟು ಹಾಕಿದರು ಯಾರು ಎಷ್ಟು ಬಳಸಿದರು ಅಂತ ಲೆಕ್ಕ ಮಾಡಿ ಒಬ್ಬರಿಗೊಬ್ಬರು ಕೊಟ್ಟು ತೀರಿಸಿಕೊಳ್ಳುತ್ತಾರೆ. ಅಲ್ಲೂ ಆಪರೇಟರ್‌ಗಳ ನಡುವೆ ಪೈಪೋಟಿ ಇದೆ. ಪೈಪೋಟಿ ಇರುವುದು ಮನೆ ಬಾಗಿಲಲ್ಲಿ, ದಾರಿಯಲ್ಲಿ ಅಲ್ಲ.

ನೀವು ವಿ.ಸಿ. ನಾಲೆ ಬಯಲಿನವರು, ನಿಮಗೆ ನಾನು ಹೇಳಬೇಕಾಗಿಲ್ಲ. ನಾಲೆ ಎಲ್ಲರದ್ದು, ತೂಬು ಅವರವರದ್ದು. ಯಾವ ರೈತನೂ ತನ್ನ ಗದ್ದೆಗೆ ಅಂತ ಕೆಆರ್‌ಎಸ್‌ನಿಂದ ಬೇರೆ ನಾಲೆ ತೋಡುವುದಿಲ್ಲ. ಹಾಗೇ ಈ 17 ಕಿ.ಮೀ. ಫೈಬರ್ ಮಾತ್ರ ಮೂವರದ್ದು. ಅದರಿಂದ ಬೀದಿಗೆ ಇಳಿಯುವ ವೈರು, ಮನೆ, ಬಿಲ್ಲು, ಎಲ್ಲ ಅವರವರದ್ದು.

ನಾಲೆಗೆ ನೀರುಗಂಟಿ ಇದ್ದ ಹಾಗೆ ಈ ಲೈನಿಗೂ ಒಬ್ಬರು ಬೇಕು. ಇದೇ ನನಗೆ ಎಲ್ಲಕ್ಕಿಂತ ಮುಖ್ಯ. ಮೂವರಲ್ಲಿ ಯಾರ ಹುಡುಗನೂ ಅಲ್ಲದ ಒಬ್ಬ ಲೈನ್‌ಮ್ಯಾನ್, ಸಂಬಳ ಮೂವರಿಂದ, ಬೈಕಿಗೆ ಪೆಟ್ರೋಲ್ ಮೂವರಿಂದ. ಲೈನ್ ತುಂಡಾದರೆ ಯಾರ ಎಳೆ ಅಂತ ನೋಡದೆ ಅವನು ಹೋಗಬೇಕು. ಈ ಒಬ್ಬ ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ, ಪ್ರತಿಯೊಬ್ಬರೂ ಇನ್ನೊಬ್ಬರು ಹೋಗಲಿ ಅಂತ ಕಾಯುತ್ತಾರೆ, ಗ್ರಾಹಕರು ಕತ್ತಲಲ್ಲಿ ಇರುತ್ತಾರೆ. ಒಂದು ಸಂಬಳ ಉಳಿಸಲು ಹೋಗಿ ಇಡೀ ಲೈನ್ ಕಳೆದುಕೊಂಡವರನ್ನು ನೋಡಿದ್ದೇನೆ.

ಕಾನೂನಿನ ಭಾಗ ಬೇಗ ಹೇಳುತ್ತೇನೆ. ಅಂಚೆ ಕಚೇರಿಯಲ್ಲಿ ಮಾಡಿಸಿದ ಕೇಬಲ್ ಟಿವಿ ನೋಂದಣಿ ಇಂಟರ್‌ನೆಟ್‌ಗೆ ನಡೆಯಲ್ಲ, ಲೈಸೆನ್ಸ್ ಇರುವ ಐಎಸ್‌ಪಿಯ ಕೆಳಗೇ ನೀವು ಕೊಡಬೇಕು. ಮಳವಳ್ಳಿ ಮಂಡ್ಯ ಜಿಲ್ಲೆ, ಬನ್ನೂರು ಮೈಸೂರು ಜಿಲ್ಲೆ. ಸಿ ವರ್ಗದ ಲೈಸೆನ್ಸ್ ಒಂದು ಟೆಲಿಫೋನ್ ವಲಯಕ್ಕೆ ಮಾತ್ರ ಸಾಕು, ಬಿ ವರ್ಗ ಇದ್ದರೆ ಇಡೀ ಕರ್ನಾಟಕ. ನಿಮ್ಮ ಎರಡು ಐಎಸ್‌ಪಿಗಳದ್ದು ಯಾವ ವರ್ಗ ಅಂತ ಮೊದಲು ಕೇಳಿ. ಮೂವರೂ ಸೇರಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ ದೂರಸಂಪರ್ಕ ಇಲಾಖೆಯಲ್ಲಿ ಐಪಿ-1 ನೋಂದಣಿ ಮಾಡಿಸಿದರೆ, ಆ ಕಂಪನಿ ಲೈಸೆನ್ಸ್ ಇರುವವರಿಗೆ ಡಾರ್ಕ್ ಫೈಬರ್, ಅಂದರೆ ಬೆಳಕು ಹಾಯಿಸದ ಖಾಲಿ ಎಳೆ, ಬಾಡಿಗೆಗೆ ಕೊಡಬಹುದು. ಕೇಬಲ್ ಯಾರದ್ದು ಅನ್ನುವ ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರ ಇದೆ, ಅದು ಕಂಪನಿಯದ್ದು, ನಿಮ್ಮ ಕೈಲಿರುವುದು ಷೇರು. ಒಬ್ಬರು ಮಾರುವುದಾದರೆ ಮೊದಲು ಉಳಿದ ಇಬ್ಬರಿಗೆ ಕೇಳಬೇಕು ಅಂತ ಬರೆಸಿ. ಖರ್ಚನ್ನು ಮೂರು ಸಮಪಾಲು ಮಾಡಬೇಡಿ, ಯಾರ ಏರಿಯಾದಲ್ಲಿ ಎಷ್ಟು ಕಿ.ಮೀ., ಎಷ್ಟು ಮನೆ ಅಂತ ನೋಡಿ ಹಾಕಿ. ಮುಂಗಡವಾಗಿ ಮೂರು ತಿಂಗಳ ನಿರ್ವಹಣೆ ದುಡ್ಡು ಬ್ಯಾಂಕಲ್ಲಿ ಇರಲಿ. 2023ರ ಹೊಸ ದೂರಸಂಪರ್ಕ ಕಾಯ್ದೆ ಬಂದ ಮೇಲೆ ನಿಯಮಗಳು ಬದಲಾಗುತ್ತಿವೆ, ಅರ್ಜಿ ಹಾಕುವ ಮುಂಚೆ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್ ನೋಡಿಕೊಳ್ಳಿ.

ಕೊನೆಯದು, ನನಗೆ ತುಂಬಾ ಇಷ್ಟವಾದದ್ದು. ನಿಮಗೆ ಒಂದು ಕಡೆ ಮಂಡ್ಯ, ಇನ್ನೊಂದು ಕಡೆ ಮೈಸೂರು ಇದೆ. 17 ಕಿ.ಮೀ. ಸೇರಿದ ದಿನ ನಿಮ್ಮ ಊರಿಗೆ ಎರಡು ದಾರಿ ಆಗುತ್ತದೆ. ಬನ್ನೂರು ಕಡೆ ಜೆಸಿಬಿ ತುಂಡು ಮಾಡಿದರೆ ಮಳವಳ್ಳಿ ಕಡೆಯಿಂದ ಹೋಗಬಹುದು. ತಾನಾಗಿ ಆಗುವುದಿಲ್ಲ, ಎರಡು ಐಎಸ್‌ಪಿಗಳು ಬೆಂಗಳೂರಲ್ಲೋ ಮೈಸೂರಲ್ಲೋ ಒಂದು ಕಡೆ ಕೈಜೋಡಿಸಿ, ಒಬ್ಬರ ಗ್ರಾಹಕರ ಡೇಟಾವನ್ನು ಇನ್ನೊಬ್ಬರು ದಾಟಿಸಲು ಒಪ್ಪಬೇಕು. ಕೇಳಿ ನೋಡಿ, ಇಬ್ಬರಿಗೂ ಲಾಭ ಇದೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ, ಹಳ್ಳಿಗಳಿಗೆ ಫೈಬರ್ ಎಳೆಯುವ ಕೇಂದ್ರದ ಹೊಸ ಭಾರತ್‌ನೆಟ್ ಯೋಜನೆ, ಅದೇ 1,39,579 ಕೋಟಿ ರೂಪಾಯಿಯದ್ದು, ಅದರಲ್ಲೂ ಪಂಚಾಯಿತಿಗಳನ್ನು ಉಂಗುರದ ಹಾಗೆ ಜೋಡಿಸುವುದು ಇದೇ ಕಾರಣಕ್ಕೆ.

ಬನ್ನೂರು ಹತ್ತಿರದ ಹಳ್ಳಿಯಿಂದ

ನಾನು ಆಪರೇಟರ್ ಅಲ್ಲ, ಮನೆಯಿಂದ ಕೆಲಸ ಮಾಡುವವಳು, ಫೈಬರ್ ಬಂದು ಒಂದೂವರೆ ವರ್ಷ ಆಯಿತು. ಫೈಬರ್ ಬಂತು ಅಂತಲೇ ಬೆಂಗಳೂರಿನ ಪಿಜಿ ಖಾಲಿ ಮಾಡಿ ಅಪ್ಪ ಅಮ್ಮನ ಹತ್ತಿರ ವಾಪಸ್ ಬಂದೆ. ಅಮ್ಮನಿಗೆ ಮಂಡಿ ನೋವು, ಈಗ ಹಾಲು ಕರೆಯಲು ನಾನೂ ಕೈಜೋಡಿಸುತ್ತೇನೆ, ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ.

ಒಂದು ಮಾತು ಮಾತ್ರ. 100 ಎಂಬಿ, 200 ಎಂಬಿ ಅಂತ ಪ್ಲಾನ್ ತೋರಿಸುತ್ತೀರಲ್ಲ, ನಮಗೆ 40 ಬಂದರೂ ಸಾಕು. ಲೈನ್ ಹೋದಾಗ ಒಂದು ಮೆಸೇಜ್ ಹಾಕಿ. "ಇಂಥ ಕಡೆ ತುಂಡಾಗಿದೆ, ನಾಲ್ಕು ಗಂಟೆಗೆ ಬರುತ್ತದೆ" ಅಂತ ಗೊತ್ತಾದರೆ ಮ್ಯಾನೇಜರ್‌ಗೆ ಹೇಳಿ ಮೈಸೂರಿಗೆ ಬಸ್ ಹತ್ತುತ್ತೇನೆ. ಫೋನ್ ಎತ್ತದೆ ಇದ್ದರೆ ನನ್ನ ಕೆಲಸಕ್ಕೇ ಕುತ್ತು.

ಕಿರುಗಾವಲು ಕೇಬಲ್

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಕ್ಕ ಬರೆದದ್ದನ್ನು ಪ್ರಿಂಟ್ ತೆಗೆಸಿ ನಿನ್ನೆ ಡೇರಿ ಮುಂದೆ ಮೂವರೂ ಕೂತು ಓದಿದೆವು. ಪಾಂಡವಪುರ ಸರ್, ನೀವು ಹೇಳಿದ ಹಾಗೆ ಗಡಿ ಊರಿನ ಮಾತನ್ನು ನಾನೇ ಮೊದಲು ಎತ್ತಿದೆ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಬನ್ನೂರಿನವರೇ ಅಂದರು, ಈಗ ಯಾರ ಕೇಬಲ್ ಇದೆಯೋ ಆ ಮನೆ ಅವರದ್ದೇ, ಗ್ರಾಹಕರೇ ಬೇಕು ಅಂತ ಬದಲಾಯಿಸಿದರೆ ಬದಲಾಯಿಸಲಿ, ನಾವು ಹೋಗಿ ರೇಟು ಇಳಿಸಿ ಕರೆಯುವುದು ಬೇಡ ಅಂತ. ಅದನ್ನೇ ಬರೆದುಕೊಂಡಿದ್ದೇವೆ. ಲೈನ್‌ಮ್ಯಾನ್ ವಿಷಯಕ್ಕೂ ಒಪ್ಪಿಗೆ ಆಗಿದೆ. ಡೇರಿಯವರು ಕೋಣೆ ಕೊಡುತ್ತಾರೆ, ಬಾಡಿಗೆ ಬದಲು ಅವರ ಕಂಪ್ಯೂಟರ್‌ಗೆ ಲೈನ್ ಕೇಳಿದ್ದಾರೆ.

ಉಳಿದದ್ದು ಕಂಬ. ಹೇಗೆ ಮಾಡಲಿ?

ಸ್ಪ್ಲೈಸಿಂಗ್ ಮದ್ದೂರು

ಅಣ್ಣ, ಕೇಳಿ ತುಂಬಾ ಖುಷಿಯಾಯಿತು.

ಕರೆಂಟ್ ಕಂಬಕ್ಕೆ ವಿದ್ಯುತ್ ಕಂಪನಿ ಸೆಸ್ಕ್‌ನಲ್ಲಿ ಬರವಣಿಗೆಯಲ್ಲಿ ಅನುಮತಿ, ಬಾಡಿಗೆ ಕಟ್ಟಿ ರಶೀದಿ, ಎರಡೂ ಇಲ್ಲದೆ ಒಂದು ಕಂಬಕ್ಕೂ ಕಟ್ಟಬೇಡಿ. ರಸ್ತೆ ಬದಿ ಲೋಕೋಪಯೋಗಿ ಇಲಾಖೆಯದ್ದೋ ಪಂಚಾಯಿತಿಯದ್ದೋ ನೋಡಿ, ನಾಲೆ ದಾಟುವ ಕಡೆ ನೀರಾವರಿ ನಿಗಮ. 2025ರ ಜನವರಿ 1ರಿಂದ ಕೇಬಲ್ ಎಳೆಯಲು ಬೇಕಾದ ದಾರಿ ಹಕ್ಕಿನ ಹೊಸ ನಿಯಮ ಜಾರಿಯಲ್ಲಿದೆ, ಅರ್ಜಿಯನ್ನು ಐಎಸ್‌ಪಿ ಇಲ್ಲವೇ ನಿಮ್ಮ ಹೊಸ ಕಂಪನಿ ಹೆಸರಲ್ಲೇ ಹಾಕಿ, ಒಬ್ಬೊಬ್ಬರ ಹೆಸರಲ್ಲಿ ಬೇಡ.

ಕಂಬದ ಮೇಲೆ ಹಾಕುವುದಾದರೆ ತಂತಿ ಇಲ್ಲದ ಎಡಿಎಸ್‌ಎಸ್ ಕೇಬಲ್ ತನ್ನಿ, ಒಳಗೆ ಕಬ್ಬಿಣ ಇರಲ್ಲ, ಕರೆಂಟ್ ಲೈನ್ ಪಕ್ಕ ಅದೇ ಸುರಕ್ಷಿತ. ರಸ್ತೆ ದಾಟುವ ಕಡೆ ಮಾತ್ರ ಎತ್ತರ ಬಿಡಿ. ನಿಮ್ಮ ಕಡೆ ಕಬ್ಬಿನ ಲಾರಿ ಹೇಗೆ ತುಂಬಿಕೊಂಡು ಬರುತ್ತದೆ ಅಂತ ಗೊತ್ತಲ್ವಾ, ನಾನು ಹಾಕುವ ಜಾಯಿಂಟ್‌ನಲ್ಲಿ ಅರ್ಧ ಕಟಾವಿನ ತಿಂಗಳಲ್ಲೇ. ಗದ್ದೆ ಬದಿ ಕೇಬಲ್ ಕೆಳಗೆ ಜೋತುಬಿದ್ದಿದ್ದರೆ ತರಗಿಗೆ ಬೆಂಕಿ ಹಾಕಿದ ದಿನ ಸುಟ್ಟೇಹೋಗುತ್ತದೆ, ಅಂಥ ಕಡೆ ರೈತರಿಗೆ ಮೊದಲೇ ಹೇಳಿಡಿ, ಪಾಪ ಅವರಿಗೆ ಗೊತ್ತಿರಲ್ಲ.

ಕೇಬಲ್ ಡ್ರಮ್ ಬಂದ ದಿನ ಫೋನ್ ಮಾಡಿ. ಬಿಚ್ಚಿ ಎಳೆಯುವ ಮುಂಚೆ ಡ್ರಮ್ಮಲ್ಲೇ 24 ಎಳೆಗೂ ಓಟಿಡಿಆರ್ (ಬೆಳಕು ಬಿಟ್ಟು ಎಳೆ ಎಲ್ಲಿ ಒಡೆದಿದೆ ಅಂತ ತೋರಿಸುವ ಮಷೀನ್) ಹಾಕಿ ನೋಡಬೇಕು, ಒಳಗೆ ಒಡೆದಿದ್ದರೆ ಆಗಲೇ ವಾಪಸ್ ಕಳಿಸಬಹುದು. ನನ್ನ ಮಷೀನ್ ತರುತ್ತೇನೆ. ಭಾನುವಾರ ಆದರೆ ಕೂಲಿ ಬೇಡ.