ಜೀನ್ಸ್ ಲಾಟ್‌ನಲ್ಲಿ 12 ಪೀಸ್ ಕಡಿಮೆ ಬಂತು ಅಂತಾರೆ, ಫೋನಿನಲ್ಲಿ ಲೆಕ್ಕ ಇಡುವುದು ಹೇಗೆ?

ಪ್ರಶ್ನೆ (ಕೌಲ್ ಬಜಾರ್, ಬಳ್ಳಾರಿ)

ನಮಸ್ಕಾರ. ಮನೆಯ ಮುಂದಿನ ಕೋಣೆಯಲ್ಲಿ ಐದು ಮಷೀನ್ ಹಾಕಿಕೊಂಡು ಜೀನ್ಸ್ ಪ್ಯಾಂಟ್ ಹೊಲಿದು ಕೊಡುತ್ತೇವೆ. ಬಟ್ಟೆ ಕಟಿಂಗ್ ಆಗಿ, ಸೈಜ್ ಪ್ರಕಾರ ಬಂಡಲ್ ಕಟ್ಟಿ ಬರುತ್ತದೆ. ನಾವು ಹೊಲಿದು ವಾಪಸ್ ಕಳಿಸಿದ ಮೇಲೆ ವಾಷಿಂಗಿಗೆ ಹೋಗುತ್ತದೆ. ಲೆಕ್ಕವೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ.

ಹೋದ ತಿಂಗಳು 300 ಪೀಸಿನ ಲಾಟ್ ಬಂತು. ಮೂರು ಸಲಕ್ಕೆ ಕಳಿಸಿದೆವು. ಕೊನೆಗೆ ಮಾಲೀಕರು 288 ಮಾತ್ರ ಬಂದಿದೆ ಎಂದರು. 12 ಪೀಸಿನ ಬಟ್ಟೆ ದುಡ್ಡು ಅಂತ 3,000 ರೂಪಾಯಿ ಮಜೂರಿಯಲ್ಲಿ ಹಿಡಿದುಕೊಂಡರು. ನನ್ನ ಪುಸ್ತಕದಲ್ಲಿ 300 ಅಂತಲೇ ಇದೆ. ಆದರೆ ಅದು ನಾನು ಬರೆದದ್ದು, ಅಲ್ವಾ? ಅವರ ಪುಸ್ತಕದಲ್ಲಿರುವುದು ಅವರು ಬರೆದದ್ದು. ಯಾವುದನ್ನು ನಂಬುವುದು?

ಅವರು ಕೆಟ್ಟವರಲ್ಲ. ಆರು ವರ್ಷದಿಂದ ಕೆಲಸ ಕೊಡುತ್ತಿದ್ದಾರೆ. ನನಗೆ ಜಗಳ ಬೇಡ. ಆದರೆ ಶನಿವಾರ ಬಟವಾಡೆ ಮಾಡುವಾಗ ಟೇಲರ್‌ಗಳಿಗೆ ಪೂರ್ತಿ ಕೊಟ್ಟೆ. ಅವರು ಹೊಲಿದಿದ್ದಾರೆ, ಕೊಡಲೇಬೇಕು. ಆ ವಾರ ನನ್ನ ಕೈಗೆ ಏನೂ ಉಳಿಯಲಿಲ್ಲ.

ಸಾಧಾರಣ ಆಂಡ್ರಾಯ್ಡ್ ಫೋನ್ ಇದೆ. ವಾಟ್ಸಾಪ್, ಫೋನ್‌ಪೇ ಬರುತ್ತದೆ. ಇಂಗ್ಲಿಷ್ ಓದುತ್ತೇನೆ, ಬರೆಯುವುದು ಕಷ್ಟ. ಯಾವ ಆ್ಯಪ್ ಹಾಕಿಕೊಳ್ಳಲಿ? ದುಡ್ಡು ಕೊಡುವಂಥದ್ದು ಬೇಡ.

ಉತ್ತರ (ಭಾಗ್ಯನಗರ, ಕೊಪ್ಪಳ)

ತಂಗಿ, ನಾನು ಕೆಲಸ ಕೊಡುವ ಕಡೆಯವಳು. ನಮ್ಮದು ಕೂದಲಿನ ವ್ಯಾಪಾರ. ಸಿಕ್ಕು ಬಿಡಿಸಲು ತೂಕ ಮಾಡಿ ಮನೆಮನೆಗೆ ಕೊಡುತ್ತೇವೆ, ತಿರುಗಿ ಬಂದಾಗ ಮತ್ತೆ ತೂಕ. ನಮ್ಮಲ್ಲೂ ಮೊದಲು ಇದೇ ಗೋಳು ಇತ್ತು. ಈಗ ಚೀಲ ಕಾಟಾದ ಮೇಲೆ ಇಟ್ಟ ಕೂಡಲೇ, ನಂಬರ್ ಕಾಣುವ ಹಾಗೆ ಫೋಟೊ ತೆಗೆದು ಆ ಹೆಣ್ಣುಮಗಳಿಗೇ ವಾಟ್ಸಾಪ್ ಮಾಡುತ್ತೇನೆ. ಆಕೆ "ಸರಿ ಅಕ್ಕಾ" ಅಂತ ಹಾಕುತ್ತಾಳೆ. ಬರೆಯಲು ಬಾರದವರು ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಹೊಸ ಆ್ಯಪ್ ಏನೂ ಬೇಡ.

ನೀನೂ ಬಂಡಲ್ ಇಳಿಸಿದಾಗಲೇ ಎಣಿಸು. ತಂದವನು ಹೋಗುವ ಮೊದಲೇ. ಚೀಟಿ ಕಾಣುವ ಹಾಗೆ ಫೋಟೊ ತೆಗೆದು, ಲಾಟ್ ನಂಬರ್, ಸೈಜ್, ಪೀಸ್ ಎಷ್ಟು ಅಂತ ಕೆಳಗೆ ಹಾಕಿ ಮಾಲೀಕರಿಗೆ ಕಳಿಸು. ವಾಪಸ್ ಕೊಡುವಾಗಲೂ ಹಾಗೇ. ಅದೇ ದಿನ ಕಳಿಸಬೇಕು. ವಾರ ಬಿಟ್ಟು ಕಳಿಸಿದರೆ ನಾನಾದರೂ ಒಪ್ಪುವುದಿಲ್ಲ.

ಇನ್ನೊಂದು ನೋಡು. ವಾಟ್ಸಾಪಿನಲ್ಲಿ ಮೆಸೇಜ್ ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಇದೆ. ಅದು ಆನ್ ಇದ್ದರೆ ಆಫ್ ಮಾಡು. ನನ್ನ ಮಗ ಯಾವಾಗಲೋ 90 ದಿನಕ್ಕೆ ಇಟ್ಟುಬಿಟ್ಟಿದ್ದ. ದೀಪಾವಳಿಗೆ ಲೆಕ್ಕ ನೋಡಲು ಕೂತರೆ ಹಳೆಯದೆಲ್ಲ ಹೋಗಿತ್ತು. ಬಹಳ ಹೊಟ್ಟೆ ಉರಿಯಿತು.

ಉತ್ತರ (ರಾಯಚೂರು, ಹತ್ತಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ)

ಅಕ್ಕಾ, ಮೊದಲು ಅವರು ಹೇಳಿದ್ದನ್ನೇ ಮಾಡಿ. ಆದರೆ ಚಾಟಿನಲ್ಲಿ ಕೂಡಿ ಕಳೆಯಲು ಆಗುವುದಿಲ್ಲ. ಅದಕ್ಕೆ ಗೂಗಲ್ ಶೀಟ್ಸ್ ಇದೆ, ಪುಕ್ಕಟೆ. ತಾರೀಖು, ಲಾಟ್, ಸೈಜ್, ಬಂದದ್ದು, ಕೊಟ್ಟದ್ದು, ಇಷ್ಟು ಕಾಲಂ ಸಾಕು. ಗೂಗಲ್ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಬಹುದು. ಮಾಲೀಕರಿಗೆ ಶೇರ್ ಮಾಡುವಾಗ ನೋಡಲು ಮಾತ್ರ ಬರುವ ಹಾಗೆ ಇಡಿ, ತಿದ್ದಲು ಬಾರದು. ಆ ಶೀಟಿಗೆ ಆಫ್‌ಲೈನ್ ಆನ್ ಮಾಡಿಟ್ಟರೆ ನೆಟ್ ಇಲ್ಲದಾಗಲೂ ಬರೆಯಬಹುದು.

ಟೇಲರ್‌ಗಳಿಗೆ ಫೋನ್‌ಪೇ ಮಾಡುವಾಗ ಮೆಸೇಜ್ ಬರೆಯುವ ಜಾಗದಲ್ಲಿ ಲಾಟ್ ನಂಬರ್ ಹಾಕಿ. ಆಮೇಲೆ ಹುಡುಕುವುದು ಸುಲಭ.

ಹಾಗೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಅದನ್ನು ಮಾಡಿಸಿಕೊಳ್ಳಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ವೆಬ್‌ಸೈಟಿನಲ್ಲಿ ನೀವೇ ಮಾಡಬಹುದು, ಒಂದು ಪೈಸೆಯೂ ಇಲ್ಲ. ಯಾರಾದರೂ ಫೀಸ್ ಕೇಳಿದರೆ ಕೊಡಬೇಡಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ನಿಮ್ಮಂಥ ಸಣ್ಣ ಉದ್ಯಮದ ಬಾಕಿಯನ್ನು, ಬರಹದ ಕರಾರು ಇದ್ದರೂ, 45 ದಿನದ ಒಳಗೆ ಕೊಡಬೇಕು. ಮಜೂರಿ ತಡವಾಗುತ್ತಿದ್ದರೆ ಇದು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೊದಲ ದಿನ ಆಟೋದವನ ಎದುರು ಫೋಟೊ ತೆಗೆಯಲು ಸಂಕೋಚ ಆಯಿತು. ಆರು ವರ್ಷ ಎಣಿಸದೆ ಇಳಿಸಿಕೊಂಡವಳು ಈಗ ಎಣಿಸಿದರೆ ಏನಂದುಕೊಳ್ಳುತ್ತಾರೋ ಅಂತ. ಆದರೂ ಎಣಿಸಿದೆ.

ಎರಡನೇ ಲಾಟಿನಲ್ಲಿ 34 ಸೈಜಿನ ಚೀಟಿಯಲ್ಲಿ 40 ಅಂತ ಇತ್ತು. ಬಂಡಲ್ ಬಿಚ್ಚಿದರೆ 38! ಮತ್ತೊಮ್ಮೆ ಎಣಿಸಿದೆ, 38. ಫೋಟೊ ಕಳಿಸಿದೆ. ಹತ್ತು ನಿಮಿಷಕ್ಕೆ ಮಾಲೀಕರೇ ಫೋನ್ ಮಾಡಿ, "ಕಟಿಂಗ್ ಟೇಬಲ್ ಮೇಲೆ ಉಳಿದಿವೆಯಮ್ಮಾ" ಎಂದರು. ಮರುದಿನ ಎರಡೂ ಬಂದವು. ಆ 12 ಪೀಸ್ ಕೂಡ ನನ್ನ ಮನೆಗೆ ಬಂದೇ ಇರಲಿಲ್ಲವೇನೋ ಅಂತ ಈಗ ಅನಿಸುತ್ತಿದೆ. ಅವರಿಗೂ ಅನಿಸಿರಬೇಕು. ಹಳೆಯ ಮಾತು ನಾನು ಎತ್ತಲಿಲ್ಲ. ಈ ಸಲ ಅವರೇ ಲೆಕ್ಕದಲ್ಲಿ 1,500 ಜಾಸ್ತಿ ಹಾಕಿ ಕಳಿಸಿದ್ದಾರೆ.

ಶೀಟ್ ಮಗಳು ತುಂಬುತ್ತಾಳೆ, ಒಂಬತ್ತನೇ ಕ್ಲಾಸು. ನಾನು ಹೇಳುತ್ತಾ ಹೋಗುತ್ತೇನೆ. ನೋಟ್‌ಬುಕ್ ಬಿಟ್ಟಿಲ್ಲ, ಅದೂ ಇರಲಿ.

ರಾಯಚೂರಿನ ತಮ್ಮಾ, ಒಂದು ಕೇಳಲಾ? ನಮ್ಮದು ಬಾಡಿಗೆ ಮನೆ. ಉದ್ಯಮ್ ನೋಂದಣಿಗೆ ಈ ವಿಳಾಸವನ್ನೇ ಕೊಡಬಹುದಾ?