ಚಿತ್ತೆ ಮಳೆಯಲ್ಲಿ ಭತ್ತ, ಮೆಕ್ಕೆಜೋಳ: ಭಾನುವಾರದ ಪ್ರಶ್ನೋತ್ತರ

ಬೇಸಾಯ ತಜ್ಞೆ: ಎಲ್ಲರಿಗೂ ನಮಸ್ಕಾರ. ಸಂಜೆ ಆರರಿಂದ ಎಂಟರವರೆಗೆ ಈ ಬೆಳೆ ಗುಂಪಿನಲ್ಲೇ ಇರುತ್ತೇನೆ. ಊರು, ತಳಿ, ಬಿತ್ತಿದ ದಿನ, ಕೊಟ್ಟ ಗೊಬ್ಬರ, ಇಷ್ಟು ಬರೆಯಿರಿ. ಫೋಟೊ ಹತ್ತಿರದಿಂದ ತೆಗೆಯಿರಿ. ಬದುವಿನ ಮೇಲೆ ನಿಂತು ತೆಗೆದರೆ ನನಗೆ ಹಸಿರು ಬಿಟ್ಟು ಬೇರೇನೂ ಕಾಣುವುದಿಲ್ಲ.

ರಾಣೆಬೆನ್ನೂರು ರೈತ: ಮೇಡಂ, ಜೂನ್ ಎರಡನೇ ವಾರ ಬಿತ್ತಿದ ಮೆಕ್ಕೆಜೋಳ. ಅರ್ಧ ಮುರಿದು ಕಣದಲ್ಲಿ ರಾಶಿ ಹಾಕಿದ್ದೇವೆ, ಅರ್ಧ ಹೊಲದಲ್ಲಿದೆ. ಮೂರು ದಿನದಿಂದ ಮಳೆ. ರಾಶಿಗೆ ತಾಡಪಾಲು ಮುಚ್ಚಿದ್ದೇವೆ. ಒಳಗೆ ಕೈ ಹಾಕಿದರೆ ಬಿಸಿ ಬರುತ್ತಿದೆ.

ಬೇಸಾಯ ತಜ್ಞೆ: ಆ ಬಿಸಿಯೇ ತೊಂದರೆ. ಒದ್ದೆ ತೆನೆಯನ್ನು ಮುಚ್ಚಿಟ್ಟರೆ ಒಳಗೆ ಬೆವರುತ್ತದೆ, ಬೂಸ್ಟು ಬರುತ್ತದೆ. ಈಗಲೇ ತಾಡಪಾಲು ತೆಗೆಯಿರಿ. ಶೆಡ್ಡು, ಜಗುಲಿ, ದನದ ಕೊಟ್ಟಿಗೆ, ಎಲ್ಲಿ ಸೂರಿದೆಯೋ ಅಲ್ಲಿ ತೆಳ್ಳಗೆ ಹರಡಿ. ಹೊಲದಲ್ಲಿರುವುದನ್ನು ಮಳೆ ನಿಲ್ಲುವವರೆಗೆ ಮುರಿಯಬೇಡಿ. ಒಣಗಿದ ತೆನೆ ಕೆಳಕ್ಕೆ ಬಾಗಿದ್ದರೆ ನೀರು ಸಿಪ್ಪೆ ಮೇಲೆ ಜಾರಿ ಹೋಗುತ್ತದೆ. ನೆಟ್ಟಗೆ ನಿಂತ ತೆನೆಯೊಳಗೆ ಇಳಿಯುತ್ತದೆ. ಅವನ್ನು ಮಾತ್ರ ಬಗ್ಗಿಸಿ ಬಿಡಿ.

ಮಾರಲು ತೇವ 14 ಶೇಕಡ ಇರಬೇಕು. ಮೀಟರ್ ಇಲ್ಲದಿದ್ದರೆ ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಎರಡು ಚಮಚ ಒಣ ಪುಡಿ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15ಕ್ಕಿಂತ ಜಾಸ್ತಿ ಇದೆ ಎಂದರ್ಥ. ಇನ್ನೂ ಒಣಗಿಸಬೇಕು.

ಹಳದಿ ಹಸಿರು ಬೂಸ್ಟು ಬಂದ ಕಾಳನ್ನು ಹಸುವಿಗೆ ಹಾಕಬೇಡಿ. ಅದರ ವಿಷ ಹಾಲಿಗೆ ಇಳಿಯುತ್ತದೆ.

ಹಾವೇರಿ ಸದಸ್ಯ: 2025-26ರಲ್ಲಿ ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 2,400 ಅಂದಿದ್ದರು. ವ್ಯಾಪಾರಿ ಬಂದು ಮುಷ್ಟಿಯಲ್ಲಿ ಕಾಳು ಹಿಡಿದು ‘ತೇವ ಐತ್ರೀ’ ಅಂತಾನೆ, ಅಲ್ಲಿಗೆ ಮುಗಿಯಿತು. ಇದಕ್ಕೆ ಏನು ಔಷಧ ಮೇಡಂ?

ಬೇಸಾಯ ತಜ್ಞೆ: ನನ್ನ ಬಳಿ ಅದಕ್ಕೆ ಔಷಧ ಇಲ್ಲ. ಅವನ ಎದುರಿಗೇ ಉಪ್ಪಿನ ಬಾಟಲಿ ಅಲ್ಲಾಡಿಸಿ ನೋಡಿ.

ಜಗಳೂರು ಸದಸ್ಯ: ಮೇಡಂ ಮೆಕ್ಕೆಜೋಳ ಒದ್ದೆ ಆಗಿದೆ. ಒಣಗಿಸೋದು ಹೇಗೆ?

ಬೇಸಾಯ ತಜ್ಞೆ: ಮೇಲೆ ಬರೆದಿದ್ದೇನೆ.

ಮಲೇಬೆನ್ನೂರು ಗದ್ದೆ: ಮೇಡಂ, ಭದ್ರಾ ನಾಲೆ ನೀರು, ಬಿಪಿಟಿ 5204 ತಳಿಯ ಭತ್ತ, ನಾಲ್ಕು ಎಕರೆ. ತೆನೆ ಈಗ ಇಣುಕುತ್ತಿದೆ. ಐದು ದಿನದಿಂದ ಮೋಡ. ಬೆಳಗ್ಗೆ ಒಂಬತ್ತಾದರೂ ಎಲೆ ಮೇಲೆ ಇಬ್ಬನಿ ಇರುತ್ತದೆ. ಎಲೆಯಲ್ಲಿ ಚುಕ್ಕೆ ಕಂಡಿದೆ. ಬಣ್ಣ ತಿಳಿಯಾಗಿತ್ತು ಅಂತ ಸೋಮವಾರ ಎಕರೆಗೆ ಅರ್ಧ ಚೀಲ ಯೂರಿಯಾ ಎರಚಿದೆ. ಫೋಟೊ ಹಾಕಿದ್ದೇನೆ.

ಬೇಸಾಯ ತಜ್ಞೆ: ಉಳಿದವರು ಸ್ವಲ್ಪ ತಾಳಿ. ಇವರದ್ದು ಅವಸರದ ವಿಷಯ.

ನಿಮ್ಮ ಫೋಟೊದ ಚುಕ್ಕೆ ನೋಡಿ. ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ, ಅಂಚು ಕಂದು. ನೋಡಲು ಕಣ್ಣಿನ ಹಾಗಿದೆ. ಇದು ಬೆಂಕಿ ರೋಗ. ಎಳ್ಳಿನ ಹಾಗೆ ದುಂಡಗೆ ಇದ್ದಿದ್ದರೆ ಕಂದು ಚುಕ್ಕೆ ಅನ್ನುತ್ತಿದ್ದೆ, ಇಷ್ಟು ಗಾಬರಿ ಬೀಳುತ್ತಿರಲಿಲ್ಲ. ಬಿಪಿಟಿಗೆ ಈ ರೋಗ ಬೇಗ ಬರುತ್ತದೆ. ರಾತ್ರಿ ತಂಪು, ಹಗಲು ಮೋಡ, ಎಲೆ ಹತ್ತು ಹನ್ನೆರಡು ಗಂಟೆ ಒದ್ದೆ, ಅದಕ್ಕೆ ಬೇಕಾದದ್ದು ಇಷ್ಟೇ. ಈ ವಾರ ಎಲ್ಲವೂ ಕೂಡಿ ಬಂದಿದೆ. ಅದರ ಮೇಲೆ ಯೂರಿಯಾ. ಗಿಡ ಮೆತ್ತಗಾಗುತ್ತದೆ, ರೋಗಕ್ಕೆ ದಾರಿ ಸಲೀಸು. ಎರಚಿದ್ದನ್ನು ಆರಿಸಿ ತೆಗೆಯಲು ಆಗುವುದಿಲ್ಲ, ಇನ್ನು ಒಂದು ಕಾಳೂ ಹಾಕಬೇಡಿ.

ನನಗೆ ಭಯ ಎಲೆಯದ್ದಲ್ಲ, ಕುತ್ತಿಗೆಯದ್ದು. ತೆನೆಯ ಬುಡದ ಗೆಣ್ಣಿಗೆ ರೋಗ ಇಳಿದರೆ ಅಲ್ಲಿ ಕಪ್ಪಾಗುತ್ತದೆ, ಮೇಲಿನ ತೆನೆಗೆ ಹಾಲು ಹೋಗುವುದಿಲ್ಲ, ಜೊಳ್ಳು ನಿಲ್ಲುತ್ತದೆ. ಕಪ್ಪಾದ ಮೇಲೆ ಯಾವ ಔಷಧ ಹೊಡೆದರೂ ಆ ತೆನೆ ವಾಪಸ್ ಬರುವುದಿಲ್ಲ. ಹಾಗಾಗಿ ತೆನೆ ಇಣುಕುವ ಈ ಹೊತ್ತಿಗೇ ಹೊಡೆಯಬೇಕು. ಟ್ರೈಸೈಕ್ಲಜೋಲ್ 75 ಡಬ್ಲ್ಯೂಪಿ (ನೀರಿಗೆ ಬೆರೆಸುವ ಶಿಲೀಂಧ್ರನಾಶಕ ಪುಡಿ), ಲೀಟರಿಗೆ 0.6 ಗ್ರಾಂ. ಎಕರೆಗೆ 200 ಲೀಟರ್ ನೀರು ಅಂದರೆ 120 ಗ್ರಾಂ. ಜೊತೆಗೆ ಅಂಟು ದ್ರಾವಣ. ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಭತ್ತದ ಹೂ ಬಿಚ್ಚಿರುತ್ತದೆ, ಆಗ ಬೇಡ. ಮೂರು ಗಂಟೆಯ ಮೇಲೆ ಹೊಡೆಯಿರಿ. ಹತ್ತು ದಿನ ಬಿಟ್ಟು ಗದ್ದೆ ನೋಡಿ ಮತ್ತೆ ಬರೆಯಿರಿ.

ಇನ್ನೊಂದು, ಗದ್ದೆ ಒಣಗಲು ಬಿಡಬೇಡಿ. ನೀರು ಆರಿದ ಗದ್ದೆಯಲ್ಲಿ ಬೆಂಕಿ ರೋಗ ಜಾಸ್ತಿ. ತೆಳ್ಳಗೆ ನೀರು ನಿಂತಿರಲಿ.

ಹರಿಹರ ಕೊನೇ ತೂಬು: ನೀರು ನಿಂತಿರಲಿ! ಎಲ್ಲಿಂದ ತರೋದು ಮೇಡಂ? ಭದ್ರಾ ಡ್ಯಾಂ 186 ಅಡಿ ತುಂಬಿತು ಅಂತ ಪೇಪರಿನಲ್ಲಿ ಬಾಗಿನದ ಫೋಟೊ ಬಂತು. ನಮ್ಮ ತೂಬಿಗೆ ನೀರು ಬರದೆ ಒಂಬತ್ತು ದಿನ ಆಯಿತು.

ಚನ್ನಗಿರಿ ಸದಸ್ಯ: ಮಳೆ ಬರ್ತಿದೆಯಲ್ಲ ಅಣ್ಣಾರೆ.

ಹರಿಹರ ಕೊನೇ ತೂಬು: ನಿಮ್ಮಲ್ಲಿ ಬರ್ತಿದೆ. ನಮ್ಮಲ್ಲಿ ಬರೀ ಮೋಡ. ಮೇಲಿನವರು ನಾಲೆಗೆ ಪಂಪು ಇಟ್ಟು ಅಡಿಕೆಗೆ ಎತ್ತಿದರೆ ಕೆಳಗಿನವರು ಏನು ಮಾಡಬೇಕು?

ಚನ್ನಗಿರಿ ಸದಸ್ಯ: ಎಲ್ಲದಕ್ಕೂ ಅಡಿಕೆಯವರೇ ಕಾರಣ ಅಂದ್ರೆ ಹೇಗೆ. ನಮ್ಮ ತೋಟ ಬೋರ್‌ವೆಲ್ ನೀರಿನದ್ದು. 2023ರ ಬರದಲ್ಲಿ ಟ್ಯಾಂಕರ್ ಹೊಡೆಸಿದ್ದು ಯಾರು, ನೀವಾ?

ಹರಿಹರ ಕೊನೇ ತೂಬು: ಆ ವರ್ಷ ನಾವು ನಾಟಿಯೇ ಮಾಡಿಲ್ಲ ಸ್ವಾಮಿ. ನೀವು ಟ್ಯಾಂಕರ್ ಲೆಕ್ಕ ಹೇಳ್ತಿದ್ದೀರಿ.

ಹೊನ್ನಾಳಿ ಸದಸ್ಯ: ಇಬ್ಬರೂ ಫೋನ್ ಮಾಡಿ ಮಾತಾಡಿಕೊಳ್ಳಿ. ಇದು ಬೆಳೆ ಗುಂಪು.

ಬೇಸಾಯ ತಜ್ಞೆ: ಕೊನೇ ತೂಬಿನವರು ಬಂದ ನೀರನ್ನು ಬದು ಭದ್ರ ಮಾಡಿ ಹಿಡಿದಿಡಿ. ಏಡಿ ಬಿಲ ಮುಚ್ಚಿ. ನಾಲೆಯ ವಿಚಾರ ಇಲ್ಲಿ ಬೇಡ.

ಸೊರಬ ಸದಸ್ಯ: *(ಫಾರ್ವರ್ಡ್)* ಬೆಂಕಿ ರೋಗಕ್ಕೆ ರಾಮಬಾಣ!! ಐದು ಲೀಟರ್ ಹುಳಿ ಮಜ್ಜಿಗೆ, ಒಂದು ಕೆಜಿ ಬೆಲ್ಲ, ನಾಲ್ಕು ಪ್ಯಾಕೆಟ್ ಶಾಂಪೂ, ಬಟ್ಟೆ ಸೋಪಿನ ಪುಡಿ. ಒಂದೇ ರಾತ್ರಿಯಲ್ಲಿ ಫಲಿತಾಂಶ. ಹತ್ತು ಗುಂಪಿಗೆ ಕಳಿಸಿ.

ಬೇಸಾಯ ತಜ್ಞೆ: ಸೋಪಿನ ಪುಡಿ ಹೂ ಬಿಡುವ ತೆನೆ ಮೇಲೆ ಬಿದ್ದರೆ ಸುಡುತ್ತದೆ. ಬೆಲ್ಲದ ಅಂಟಿನ ಮೇಲೆ ಬೂಸ್ಟು ಬೆಳೆಯುತ್ತದೆ. ಮಜ್ಜಿಗೆ ಒಳ್ಳೆಯದು, ಊಟಕ್ಕೆ.

ಸೊರಬ ಸದಸ್ಯ: ಫಾರ್ವರ್ಡ್ ಮಾಡಿದ್ದಷ್ಟೇ ಮೇಡಂ, ನಾನು ಬರೆದದ್ದಲ್ಲ.

ಬೇಸಾಯ ತಜ್ಞೆ: ಅದೇ ತೊಂದರೆ. ಯಾರೂ ಬರೆದಿರುವುದಿಲ್ಲ, ಎಲ್ಲರೂ ಕಳಿಸಿರುತ್ತಾರೆ.

ಗಂಗಾವತಿ ಸದಸ್ಯ: ಗದ್ದೆಯಲ್ಲಿ ದುಂಡಗೆ ಸುಟ್ಟ ಹಾಗೆ ಆಗಿದೆ. ಬುಡದಲ್ಲಿ ಕಂದು ಜಿಗಿಹುಳು ಇದೆ. ಅಂಗಡಿಯವರು ಕೊಟ್ಟ ಸೈಪರ್‌ಮೆಥ್ರಿನ್ ಎರಡು ಸಲ ಹೊಡೆದೆ, ಇನ್ನೂ ಜಾಸ್ತಿ ಆಯಿತು.

ಬೇಸಾಯ ತಜ್ಞೆ: ಆಗಲೇಬೇಕು. ಆ ಔಷಧ ಜೇಡ ಮುಂತಾದ ನಮ್ಮ ಕಡೆಯ ಹುಳುಗಳನ್ನು ಕೊಲ್ಲುತ್ತದೆ, ಜಿಗಿಹುಳು ಇನ್ನೂ ಹೆಚ್ಚುತ್ತದೆ. ನಿಲ್ಲಿಸಿ. ನಿಮ್ಮ ಗದ್ದೆಯ ನೀರು ಬಸಿಯಿರಿ. ಪೈರು ಸರಿಸಿ ಗಾಳಿ ಬೆಳಕು ಬುಡಕ್ಕೆ ಹೋಗುವ ಹಾಗೆ ದಾರಿ ಬಿಡಿ. ನಾಳೆ ರೈತ ಸಂಪರ್ಕ ಕೇಂದ್ರಕ್ಕೆ ಒಂದು ಬುಡ ಪೈರು ಕಿತ್ತುಕೊಂಡು ಹೋಗಿ.

ಸೊರಬ ಸದಸ್ಯ: ಈಗ ತಾನೇ ನೀರು ನಿಲ್ಲಿಸಿ ಅಂದ್ರಿ, ಈಗ ಬಸಿಯಿರಿ ಅಂತೀರಿ?

ಬೇಸಾಯ ತಜ್ಞೆ: ಅವರದ್ದು ಬೆಂಕಿ ರೋಗ, ಇವರದ್ದು ಜಿಗಿಹುಳು. ಓದಿ ಕೇಳಿ.

ಶಿಕಾರಿಪುರ ಸದಸ್ಯ: ಮೇಡಂ, ಆಗಸ್ಟ್ ಒಂದಕ್ಕೆ ತಡವಾಗಿ ಬಿತ್ತಿದ ಮೆಕ್ಕೆಜೋಳ. ತೆನೆ ಸುಲಿದರೆ ಅಲ್ಲಲ್ಲಿ ಹಲ್ಲು ಬಿದ್ದ ಹಾಗೆ ಕಾಳೇ ಇಲ್ಲ. ಕಳಪೆ ಬೀಜ ಅಲ್ವಾ? ದೂರು ಕೊಡಬೇಕು ಅಂತಿದ್ದೇವೆ.

ಬೇಸಾಯ ತಜ್ಞೆ: ಕಾಳಿಲ್ಲದ ಜಾಗ ತುದಿಯಲ್ಲಿದೆಯಾ, ನಡುವೆ ಚದುರಿದೆಯಾ? ಸೂಲಂಗಿ (ಗಿಡದ ತುದಿಯ ಗಂಡು ಹೂ) ಬಂದಾಗ ನಿಮ್ಮಲ್ಲಿ ಮಳೆ ಹೇಗಿತ್ತು?

ಶಿಕಾರಿಪುರ ಸದಸ್ಯ: ನಡುವೆಯೇ ಚದುರಿದೆ. ಸೂಲಂಗಿ ಬಂದದ್ದು ಸೆಪ್ಟೆಂಬರ್ ಕೊನೆಗೆ. ನಾಲ್ಕೈದು ದಿನ ಜಡಿ ಮಳೆ ಹಿಡಿದಿತ್ತು.

ಬೇಸಾಯ ತಜ್ಞೆ: ಹಾಗಾದರೆ ಬೀಜದ ಮೇಲೆ ಹೋಗುವ ಮೊದಲು ಇದನ್ನು ಕೇಳಿ. ತೆನೆಯ ಒಂದೊಂದು ರೇಷ್ಮೆ ಎಳೆಗೂ ಒಂದೊಂದು ಕಾಳು. ಎಳೆಗೆ ಸೂಲಂಗಿಯ ಪುಡಿ ಬೀಳದಿದ್ದರೆ ಆ ಕಾಳು ಇಲ್ಲ. ಸೂಲಂಗಿ ಒದ್ದೆ ಇದ್ದರೆ ಪುಡಿ ಉದುರುವುದಿಲ್ಲ. ತೆನೆಯ ಬುಡದ ಎಳೆ ಮೊದಲು ಹೊರಗೆ ಬರುತ್ತದೆ, ತುದಿಯದ್ದು ಕೊನೆಗೆ. ನೀರಿನ ಕೊರತೆ ಆದರೆ ಸಾಮಾನ್ಯವಾಗಿ ತುದಿ ಖಾಲಿ. ನಿಮ್ಮದು ಚದುರಿದೆ, ಮಳೆಯ ಲೆಕ್ಕಕ್ಕೆ ಹೊಂದುತ್ತದೆ. ಎಳೆಯನ್ನು ಹುಳು ಕತ್ತರಿಸಿದರೂ ಹೀಗಾಗುತ್ತದೆ. ಫಾಲ್ ಆರ್ಮಿವರ್ಮ್ ಅನ್ನುವ ಸೈನಿಕ ಹುಳು 2018ರಲ್ಲಿ ದೇಶದಲ್ಲೇ ಮೊದಲು ಕಂಡದ್ದು ನಿಮ್ಮ ಶಿವಮೊಗ್ಗದಲ್ಲಿ, ಮರೆಯಬೇಡಿ.

ನಿಮಗಿಂತ ತಡವಾಗಿ ಬಿತ್ತಿದ ಹೊಲ ಹತ್ತಿರ ಇದ್ದರೆ ಹೋಗಿ. ಎಳೆ ಬಂದು ಎರಡು ಮೂರು ದಿನವಾದ ತೆನೆ ಮುರಿದು, ಎಳೆ ಕೀಳದ ಹಾಗೆ ಸಿಪ್ಪೆ ಬಿಡಿಸಿ ಮೆಲ್ಲಗೆ ಕೊಡವಿ. ಕಾಳು ಕಟ್ಟಿದ ಕಡೆಯ ಎಳೆ ಉದುರುತ್ತದೆ, ಕಟ್ಟದ ಕಡೆಯದ್ದು ಅಂಟಿಕೊಂಡೇ ಇರುತ್ತದೆ. ನೀವು ಬಿತ್ತಿದ ವಾರದಲ್ಲೇ ಬೇರೆ ತಳಿ ಬಿತ್ತಿದ ಪಕ್ಕದವರ ತೆನೆಯನ್ನೂ ಸುಲಿದು ನೋಡಿ. ಅದರಲ್ಲೂ ಹೀಗೇ ಇದ್ದರೆ ದೂರು ಯಾರ ಮೇಲೆ ಕೊಡುತ್ತೀರಿ, ಮೋಡದ ಮೇಲಾ?

ರಾಣೆಬೆನ್ನೂರು ರೈತ: ಕಂಪನಿಗಳ ಪರ ಮಾತಾಡ್ತಿದ್ದೀರಿ ಅನ್ನಿಸುತ್ತೆ ಮೇಡಂ.

ಬೇಸಾಯ ತಜ್ಞೆ: ಸಾಕ್ಷಿ ಇಟ್ಟುಕೊಂಡು ಹೋಗಿ ಅಂದರೆ ಕಂಪನಿ ಪರ ಆಗುತ್ತದಾ?

ಹಾನಗಲ್ ಸದಸ್ಯ: ವಿಮೆ ಕಟ್ಟಿದ್ದೇವೆ. ಕೊಯ್ದು ಹೊಲದಲ್ಲಿ ಹರಡಿದ ಭತ್ತ ನೆನೆದಿದೆ.

ಬೇಸಾಯ ತಜ್ಞೆ: 72 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಇವತ್ತೇ ತಿಳಿಸಿ, ಫೋಟೊ ತೆಗೆದಿಡಿ.

ಹಾನಗಲ್ ಸದಸ್ಯ: ಫೋನ್ ಎತ್ತುತ್ತಿಲ್ಲ.

ಹೊನ್ನಾಳಿ ಸದಸ್ಯ: ತೊಗರಿಗೆ ಈ ಮೋಡದಲ್ಲಿ ಏನು ಹೊಡೆಯಬೇಕು?

ಜಗಳೂರು ಸದಸ್ಯ: ಮೇಡಂ ಒಣಗಿಸೋದರ ಬಗ್ಗೆ ಕೇಳಿದ್ದೆ...

ಸೊರಬ ಸದಸ್ಯ: ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಈಗಿನವರಿಗೆ ಮಳೆ ಬಂದರೂ ಕಷ್ಟ.

ಹರಿಹರ ಕೊನೇ ತೂಬು: ಇದು ಚಿತ್ತೆ ಮಳೆ. ಮಘೆ ಹೋಗಿ ಒಂದೂವರೆ ತಿಂಗಳಾಯಿತು.

ಮಲೇಬೆನ್ನೂರು ಗದ್ದೆ: ಮೇಡಂ, ಟಾರ್ಚ್ ಹಿಡಿದು ಗದ್ದೆಗೆ ಹೋಗಿ ಬಂದೆ. ಬೇಗ ಹೊರಟ ತೆನೆಯಲ್ಲಿ ಮೂರು ಬೆಳ್ಳಗಾಗಿವೆ. ಹುಳುವಾ, ರೋಗವಾ?

ಬೇಸಾಯ ತಜ್ಞೆ: ಹಿಡಿದು ಎಳೆಯಿರಿ. ಕಾಂಡ ಕೊರೆಯುವ ಹುಳುವಾದರೆ ತೆನೆ ಸಲೀಸಾಗಿ ಕಿತ್ತು ಬರುತ್ತದೆ, ಬುಡ ತಿಂದಿರುತ್ತದೆ.

ಮಲೇಬೆನ್ನೂರು ಗದ್ದೆ: ಎಳೆದೆ. ಬರಲಿಲ್ಲ. ಕುತ್ತಿಗೆ ಹತ್ತಿರ ಕಪ್ಪು ಉಂಗುರ ಇದೆ.

ಬೇಸಾಯ ತಜ್ಞೆ: ನಾಳೆ ಮೂರಕ್ಕೆ ಪಂಪು ಗದ್ದೆಯಲ್ಲಿರಲಿ. ಔಷಧ ಬೆಳಗ್ಗೆಯೇ ತಂದಿಟ್ಟುಕೊಳ್ಳಿ, ಬಿಲ್ ಕೇಳಿ ತೆಗೆದುಕೊಳ್ಳಿ. ನಾಲ್ಕು ಎಕರೆಗೆ 480 ಗ್ರಾಂ. ಇನ್ನು ಯಾರದ್ದೂ ಫಾರ್ವರ್ಡ್ ಓದಬೇಡಿ. ನನ್ನ ಸಮಯ ಆಯಿತು.